ಹಾಲು ಎಲ್ಲಿಂದ ಬಂತು ಅಂತ ಕೇಳುವವರಿಗೆ

ಶೃಂಗೇರಿಗೆ ಬಂದ ನೆಂಟರನ್ನು ಕಿಗ್ಗಕ್ಕೆ ಕರೆದುಕೊಂಡು ಹೋಗುವ ಕೆಲಸ ನಮ್ಮ ಮನೆಯಲ್ಲಿ ನನ್ನದು. ಇವನಿಗೆ ಮದುವೆ ಇಲ್ಲ, ಮಕ್ಕಳಿಲ್ಲ, ಪುರುಸೊತ್ತು ಮಾತ್ರ ಬೇಕಾದಷ್ಟಿದೆ ಅಂತ ಎಲ್ಲರ ಲೆಕ್ಕ. ಕಿಗ್ಗ ಸುಮಾರು 10 ಕಿಲೋಮೀಟರ್ ದೂರ. ಅಲ್ಲಿ ಋಷ್ಯಶೃಂಗೇಶ್ವರನ ದೇವಸ್ಥಾನವಿದೆ. ಮಳೆ ಬರದಿದ್ದರೂ ಜನ ಅಲ್ಲಿಗೆ ಹೋಗುತ್ತಾರೆ, ಮಳೆ ಜಾಸ್ತಿಯಾದರೂ ಅಲ್ಲಿಗೇ ಹೋಗುತ್ತಾರೆ. ದಾರಿಯಲ್ಲಿ ನಾನು ಸ್ಥಳದ ಕಥೆ ಹೇಳಬೇಕು. ಅರ್ಧ ಹೇಳುವಷ್ಟರಲ್ಲಿ ಹಿಂದಿನ ಸೀಟಿನಿಂದ ಯಾರಾದರೂ ಕೇಳೇ ಕೇಳುತ್ತಾರೆ: "ಅಲ್ಲ, ಹೆಂಗಸೇ ಇಲ್ಲದ ಆಶ್ರಮದಲ್ಲಿ ಆ ಋಷಿ ಎಳೆಗೂಸನ್ನ ಹೇಗೆ ಸಾಕಿದ? ಹಾಲು ಎಲ್ಲಿಂದ ಬಂತು?"

ಬಾಯಲ್ಲಿ ಹೇಳಿ ಸಾಕಾಗಿದೆ. ಇಲ್ಲಿ ಬರೆದಿಡುತ್ತೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಕಥೆ ಗೊತ್ತಿಲ್ಲದವರಿಗೆ ಮಹಾಭಾರತದ ವನಪರ್ವದಲ್ಲಿ ಇರುವಂತೆ ಬೇಗ ಹೇಳಿಬಿಡುತ್ತೇನೆ. ಕಶ್ಯಪನ ಮಗ ವಿಭಾಂಡಕ ತಪಸ್ಸಿನಲ್ಲಿದ್ದ. ಊರ್ವಶಿ ಕಣ್ಣಿಗೆ ಬಿದ್ದಳು. ಅವನ ರೇತಸ್ಸು ಸರೋವರದ ನೀರಿಗೆ ಬಿತ್ತು. ಬಾಯಾರಿ ಬಂದ ಹೆಣ್ಣು ಜಿಂಕೆ ಆ ನೀರು ಕುಡಿದು ಬಸಿರಾಯಿತು. ಅದು ನಿಜವಾದ ಜಿಂಕೆಯಲ್ಲ, ಜಿಂಕೆಯ ರೂಪದಲ್ಲಿದ್ದ ದೇವಕನ್ಯೆ. ಒಬ್ಬ ಮುನಿಯನ್ನು ಹೆತ್ತ ಮೇಲೆ ಅವಳಿಗೆ ಬಿಡುಗಡೆ. ಹೆತ್ತಳು. ಮತ್ತೆ ಅವಳ ಸುದ್ದಿಯೇ ಇಲ್ಲ. ಉಳಿದದ್ದು ತಲೆಯ ಮೇಲೆ ಕೊಂಬಿರುವ ಒಂದು ಗಂಡು ಕೂಸು, ಅವನೇ ಋಷ್ಯಶೃಂಗ, ಮತ್ತೆ ಒಬ್ಬ ತಪಸ್ವಿ. ಆ ತಪಸ್ವಿಯ ಮೈಮೇಲೆ ಉಗುರಿನ ತುದಿಯವರೆಗೂ ಕೂದಲು ಅಂತ ಭಾರತವೇ ಹೇಳುತ್ತದೆ. ಆ ಕೈಯಲ್ಲಿ ಆ ಕೂಸು. ಸುಮ್ನೆ ಒಂದು ಸಲ ಕಣ್ಣಮುಂದೆ ತಂದುಕೊಳ್ಳಿ.

(ಆ ಆಶ್ರಮ ಕೌಶಿಕೀ ನದಿಯ ಹತ್ತಿರ, ಅಂದರೆ ಉತ್ತರದಲ್ಲಿ ಇತ್ತು ಅನ್ನುತ್ತದೆ ಭಾರತ. ನಮ್ಮೂರಿನವರು ಇದನ್ನು ಒಪ್ಪುವುದಿಲ್ಲ. ಶೃಂಗೇರಿಯ ಗುಡ್ಡದ ಮೇಲಿನ ಮಲಹಾನಿಕರೇಶ್ವರ ಲಿಂಗದಲ್ಲೇ ವಿಭಾಂಡಕ ಐಕ್ಯನಾದ ಅನ್ನುವುದು ನಮ್ಮ ನಂಬಿಕೆ. ನಾನು ಎರಡನ್ನೂ ಇಟ್ಟುಕೊಂಡು ಬದುಕುತ್ತಿದ್ದೇನೆ.)

ಈಗ ಹಾಲು. ದೊಡ್ಡವನಾದ ಮಗ ಒಂದು ದಿನ ಮಂಕಾಗಿ ಕೂತಿರುತ್ತಾನೆ. ಹೊರಗಿನಿಂದ ಬಂದ ವಿಭಾಂಡಕ ಕೇಳುತ್ತಾನೆ: ಯಾಕಪ್ಪಾ, ಸಮಿತ್ತು ಜೋಡಿಸಿಲ್ಲ? ಅಗ್ನಿಹೋತ್ರ ಆಯ್ತಾ? ಹೋಮದ ಸೌಟುಗಳನ್ನು ತೊಳೆದೆಯಾ? ಹೋಮದ ಹಸುವಿನ ಹತ್ತಿರ ಕರು ಬಿಟ್ಟೆಯಾ? ಕರು ಹಾಕಿದ ಹಸು ಕೊಟ್ಟಿಗೆಯಲ್ಲೇ ಇತ್ತು ಸ್ವಾಮಿ. ಮಗು ಹುಟ್ಟಿದ ಕಾಲಕ್ಕೂ ಒಂದು ಹಸು ಇದ್ದಿರಬೇಕು ಅಂತ ನಾನು ಅಂದುಕೊಂಡಿದ್ದೇನೆ. ಅಗ್ನಿಹೋತ್ರ ಮಾಡುವವನ ಮನೆಯಲ್ಲಿ ಹಾಲಿಗೆ ಬರವಿರುವುದಿಲ್ಲ. ಪ್ರಶ್ನೆಗೆ ಉತ್ತರ ಮುಗಿಯಿತು.

ಆದರೆ ಕೇಳುವವರಿಗೆ ಬೇಕಾದದ್ದು ಹಾಲಿನ ವಿಷಯ ಅಲ್ಲವೇ ಅಲ್ಲ. ಹೋದ ಮಳೆಗಾಲದಲ್ಲಿ ನಮ್ಮ ಭಾವ ಬಂದಿದ್ದರು. ಇದೇ ಪ್ರಶ್ನೆ. ನಾನು ಹಸುವಿನ ಕಥೆ ಹೇಳಿದೆ. ಅವರು ಸಮಾಧಾನವಾದಂತೆ ಕಾಣಲಿಲ್ಲ. "ಹಾಲು ಬಿಡು ಮಾರಾಯ. ರಾತ್ರಿ ಅತ್ತರೆ? ಹೇತರೆ? ಗಂಡಸರಿಗೆ ಆಗೋ ಕೆಲಸವಾ ಅದು?" ಅಂದರು. ಆಮೇಲೆ ನನ್ನ ಬೆನ್ನಿಗೆ ಒಂದು ಹೊಡೆದು, "ನಿಂಗೇ ಗೊತ್ತಿರ್ಬೇಕಲ್ಲ, ನೀನೂ ಅದೇ ಪಾರ್ಟಿ!" ಅಂದರು. ಕಾರಿನಲ್ಲಿ ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ಅಕ್ಕ ಮತ್ತೆ ಕೆಲಸಕ್ಕೆ ಸೇರಿದಾಗ ಇವರ ಮಗ ನಮ್ಮ ಮನೆಯಲ್ಲೇ ಇದ್ದ. ಅವನಿಗೆ ಜ್ವರ ಬಂದಾಗ ಅಂಗಿ ತೆಗೆದು ಒದ್ದೆ ಬಟ್ಟೆಯಲ್ಲಿ ಮೈ ಒರೆಸುತ್ತಾ ಕೂತವನು ಯಾರು ಅನ್ನೋದು ಆ ಕಾರಿನಲ್ಲಿ ಯಾರಿಗೂ ನೆನಪಾಗಲಿಲ್ಲ. ನಾನೂ ನೆನಪಿಸಲಿಲ್ಲ. ಸಿರಿಮನೆ ಜಲಪಾತದ ಕಡೆ ಕಾರು ತಿರುಗಿಸಿದೆ.

ಭಾವನನ್ನು ಪೂರ್ತಿ ಬೈಯುವಂತಿಲ್ಲ. ಈ ಪ್ರಶ್ನೆ ಕೇಳಿದವರಲ್ಲಿ ಅವರು ಮೊದಲಿಗರಲ್ಲ. ಆದಿಪರ್ವದಲ್ಲಿ ದುಷ್ಯಂತ ಕಣ್ವನ ಆಶ್ರಮಕ್ಕೆ ಬಂದಾಗ ಶಕುಂತಲೆ ತಾನು ಕಣ್ವನ ಮಗಳು ಅನ್ನುತ್ತಾಳೆ. ರಾಜನಿಗೆ ನಂಬಿಕೆ ಬರುವುದಿಲ್ಲ. ಧರ್ಮ ಬೇಕಾದರೆ ದಾರಿ ತಪ್ಪೀತು, ಆ ಋಷಿ ತಪ್ಪುವವನಲ್ಲ, ನೀನು ಅವನ ಮಗಳು ಹೇಗಾದೆ ಅಂತ ಕೇಳುತ್ತಾನೆ. ಅದಕ್ಕೆ ಶಕುಂತಲೆ ಕೊಡುವ ಉತ್ತರ ನನಗೆ ತುಂಬಾ ಇಷ್ಟ. ಹಿಂದೆ ಒಬ್ಬ ಋಷಿ ಬಂದು ಇದನ್ನೇ ಕೇಳಿದ್ದರು, ಅಪ್ಪ ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ ಅನ್ನುತ್ತಾಳೆ. ಅಂದರೆ ಆ ಮನೆಯಲ್ಲಿ ಉತ್ತರ ರೆಡಿ ಇತ್ತು! ಮೇನಕೆ ಮಾಲಿನೀ ನದಿಯ ಹತ್ತಿರ ಬಿಟ್ಟುಹೋದ ಕೂಸು, ಸುತ್ತ ಹಕ್ಕಿಗಳು ಕಾವಲು ಕೂತಿದ್ದವು, ಸ್ನಾನಕ್ಕೆ ಹೋದ ಕಣ್ವ ನೋಡಿ ಎತ್ತಿಕೊಂಡು ಬಂದ. ಇಷ್ಟು ಹೇಳಿ ಕಣ್ವ ಒಂದು ಲೆಕ್ಕ ಮುಂದಿಡುತ್ತಾನೆ. ಮೈ ಕೊಟ್ಟವನು, ಜೀವ ಉಳಿಸಿದವನು, ಅನ್ನ ಹಾಕಿದವನು, ಮೂವರೂ ತಂದೆಯರೇ. ಅಲ್ಲಿಗೆ ಮಾತು ಬಂದ್. ಅವನು ಹಸುವಿನ ವಿಷಯ ಎತ್ತುವುದೂ ಇಲ್ಲ.

ಮೇನಕೆ ಬಿಟ್ಟುಹೋದದ್ದು ಇದೊಂದೇ ಕೂಸಲ್ಲ. ಗಂಧರ್ವ ವಿಶ್ವಾವಸುವಿನಿಂದ ಹೆತ್ತ ಮಗಳನ್ನು ಸ್ಥೂಲಕೇಶ ಅನ್ನುವ ಋಷಿಯ ಆಶ್ರಮದ ಹತ್ತಿರ ನದಿದಡದಲ್ಲಿ ಬಿಟ್ಟಳು. ಅವನೂ ಎತ್ತಿಕೊಂಡ, ಜಾತಕರ್ಮ ಮಾಡಿದ, ಪ್ರಮದ್ವರೆ ಅಂತ ಹೆಸರಿಟ್ಟು ಬೆಳೆಸಿದ. ಗಂಡಸಿಗೆ ಆಗುವ ಕೆಲಸವಾ ಅಂತ ಭಾರತ ಒಂದು ಕಡೆಯೂ ಹುಬ್ಬು ಏರಿಸುವುದಿಲ್ಲ. ಎತ್ತಿಕೊಂಡ, ಸಾಕಿದ. ಮುಂದಿನ ಮಾತಿಗೆ ಹೋಗಿಬಿಡುತ್ತದೆ. ಹುಬ್ಬು ಏರಿಸುವವರು ನಾವು.

ನನಗೆ ಸಿಟ್ಟು ಬರುವ ಇನ್ನೊಂದು ಜಾಗ ಇದೆ. ಅಂಗದೇಶದಲ್ಲಿ ಬರ. ಋಷ್ಯಶೃಂಗ ಬಂದರೆ ಮಳೆ ಬರುತ್ತದೆ ಅಂತ ಗೊತ್ತಾಗಿ ರಾಜ ಲೋಮಪಾದ ಗಣಿಕೆಯರನ್ನು ಕಳಿಸುತ್ತಾನೆ. ಅವರು ದೋಣಿಯ ಮೇಲೆ ಒಂದು ಸುಳ್ಳು ಆಶ್ರಮ ಕಟ್ಟಿಕೊಂಡು ಬರುತ್ತಾರೆ. (ಆ ದೋಣಿ ತುಂಗೆಗೆ ಹೇಗೆ ಬಂತು ಅಂತ ಮಾತ್ರ ಯಾವ ನೆಂಟನೂ ಕೇಳಿಲ್ಲ.) ಅಪ್ಪನನ್ನು ಬಿಟ್ಟು ಬೇರೆ ಮನುಷ್ಯರನ್ನೇ ನೋಡದ ಹುಡುಗ ಆ ಹೆಣ್ಣನ್ನು ಯಾರೋ ಚಂದದ ಬ್ರಹ್ಮಚಾರಿ ಅಂದುಕೊಳ್ಳುತ್ತಾನೆ. ಇಲ್ಲಿಗೆ ಬಂದಾಗ ಕಾರಿನಲ್ಲಿ ಕಿಸಿಕಿಸಿ ಶುರು. ಹೆಂಗಸಿಲ್ಲದೆ ಬೆಳೆಸಿದರೆ ಹೀಗೇ ಆಗೋದು ಅಂತ ತೀರ್ಪು.

ಆ ಹುಡುಗ ಮೊದಲು ಏನು ಮಾಡಿದ ಅಂತ ಯಾರೂ ನೋಡುವುದಿಲ್ಲ. ನಿಮಗೆ ನಮಸ್ಕಾರ ಮಾಡಬೇಕು ಅನ್ನಿಸುತ್ತಿದೆ ಅಂದ. ಕಾಲು ತೊಳೆಯಲು ನೀರು ಕೊಡುತ್ತೇನೆ ಅಂದ. ಮೆತ್ತಗಿನ ದರ್ಭಾಸನ ತೋರಿಸಿ ಆರಾಮಾಗಿ ಕೂತುಕೊಳ್ಳಿ ಅಂದ. ಹಣ್ಣು ಕೊಟ್ಟ. ನಿಮ್ಮ ಆಶ್ರಮ ಎಲ್ಲಿ ಅಂತ ವಿಚಾರಿಸಿದ. ಹುಟ್ಟಿದ ಮೇಲೆ ಒಬ್ಬ ನೆಂಟನನ್ನೂ ಕಾಣದ ಹುಡುಗನಿಗೆ ಇದೆಲ್ಲ ಎಲ್ಲಿಂದ ಬಂತು? ಮೈತುಂಬಾ ಕೂದಲಿನ ಆ ಅಪ್ಪನೇ ಕಲಿಸಿರಬೇಕು, ಯಾವತ್ತಾದರೂ ಯಾರಾದರೂ ಬಂದಾರು ಅಂತ. ಶಕುಂತಲೆಯೂ ಹಾಗೆಯೇ. ದುಷ್ಯಂತ ಬಂದಾಗ ಅಪ್ಪ ಮನೆಯಲ್ಲಿಲ್ಲ. ಆಸನ, ಪಾದ್ಯ, ಅರ್ಘ್ಯ ಎಲ್ಲ ಅವಳೇ ಕೊಟ್ಟಳು. (ಆ ದರ್ಭಾಸನದ ಮೇಲೆ ಹಾಸಿದ್ದು ಕೃಷ್ಣಾಜಿನ. ಜಿಂಕೆಯ ಮಗನ ಮನೆಯಲ್ಲಿ ಜಿಂಕೆ ಚರ್ಮ! ಇದನ್ನೂ ಯಾರೂ ಕೇಳಿಲ್ಲ.)

ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಸಾಕಿದ್ದು ಹೇಗೆ ಅಂತಲ್ಲ. ಮಗು ಕೈಬಿಟ್ಟು ಹೋದಾಗ ಈ ಅಪ್ಪಂದಿರು ಏನು ಮಾಡಿದರು?

ಇಬ್ಬರ ಮಕ್ಕಳೂ ಕೈತಪ್ಪಿದ್ದು ಅಪ್ಪ ಹಣ್ಣು ತರಲು ಹೋದಾಗ. ಕಣ್ವ ಹೊರೆ ಹೊತ್ತುಕೊಂಡು ಬಂದ. ಮಗಳು ಹೊರೆ ಇಳಿಸಿದಳು, ಕಾಲು ತೊಳೆದಳು, ಮದುವೆಯ ವಿಷಯ ಹೇಳಿದಳು. ಅವನು ಒಪ್ಪಿದ. ಆಮೇಲೆ ಮದುವೆಯಾದ ಹೆಣ್ಣು ತವರಿನಲ್ಲಿ ಬಹಳ ದಿನ ಇರಬಾರದು ಅಂತ ಶಿಷ್ಯರ ಜೊತೆ ಹಸ್ತಿನಾಪುರಕ್ಕೆ ಕಳಿಸಿದ. ತಾನು ಹೋಗಲಿಲ್ಲ. ಶಿಷ್ಯರು ಅವಳನ್ನು ಬಿಟ್ಟು ಬಂದುಬಿಟ್ಟರು. ತುಂಬಿದ ಸಭೆಯಲ್ಲಿ ರಾಜ ನೀನು ಯಾರೋ ಗೊತ್ತಿಲ್ಲ ಅಂದಾಗ ಅವಳ ಪಕ್ಕದಲ್ಲಿ ಮಗನನ್ನು ಬಿಟ್ಟು ಯಾರೂ ಇರಲಿಲ್ಲ.

ವಿಭಾಂಡಕ ಒಪ್ಪಲಿಲ್ಲ. ಬಂದವರು ರಾಕ್ಷಸರು ಅಂದ. 3 ದಿನ ಆ ಗಣಿಕೆಯನ್ನು ಹುಡುಕಿದ. ಸಿಗಲಿಲ್ಲ. ಮತ್ತೆ ಹಣ್ಣು ತರಲು ಹೋದಾಗ ಮಗನೇ ಇಲ್ಲ. ರಾಜನನ್ನು, ಊರನ್ನು ಸುಟ್ಟುಬಿಡುತ್ತೇನೆ ಅಂತ ಅಂಗದ ರಾಜಧಾನಿ ಚಂಪೆಗೆ, ಇವತ್ತಿನ ಬಿಹಾರದ ಭಾಗಲ್ಪುರದ ಕಡೆಗೆ, ಹೊರಟೇಬಿಟ್ಟ. ಒಳ್ಳೆಯ ಅಪ್ಪ ಅಂತ ಎಲ್ಲರೂ ಕಣ್ವನನ್ನು ಹೊಗಳುತ್ತಾರೆ. ನಾನು ಈ ಸಿಡುಕನ ಕಡೆ. ಮಗನನ್ನು ಮುಚ್ಚಿಟ್ಟು ಬೆಳೆಸಿದ್ದು ಸರಿ ಅಂತ ನಾನು ವಾದಿಸುವುದಿಲ್ಲ. ಆದರೆ ಅವನು ಶಿಷ್ಯರನ್ನು ಕಳಿಸಲಿಲ್ಲ, ತಾನೇ ನಡೆದುಕೊಂಡು ಹೋದ.

ಲೋಮಪಾದ ಜಾಣ. ದಾರಿಯುದ್ದಕ್ಕೂ ದನಗಳನ್ನು, ಗೋಪಾಲರನ್ನು ಇರಿಸಿದ್ದ. ಹಸಿದು ಸುಸ್ತಾಗಿ ಬಂದ ಋಷಿಗೆ ಅವರು ಉಪಚಾರ ಮಾಡಿದರು. ಇದೆಲ್ಲ ಯಾರದ್ದಪ್ಪಾ ಅಂತ ಕೇಳಿದರೆ, "ನಿಮ್ಮ ಮಗನದ್ದೇ" ಅಂದರು. ಹೋದ ಕಡೆಯಲ್ಲೆಲ್ಲ ಇದೇ ಮಾತು. ಚಂಪೆ ಮುಟ್ಟುವಷ್ಟರಲ್ಲಿ ಸಿಟ್ಟು ಇಳಿದಿತ್ತು. ಮಗನನ್ನು ನೋಡಿದ, ಲೋಮಪಾದ ಅವನಿಗೆ ಮದುವೆ ಮಾಡಿಕೊಟ್ಟಿದ್ದ ತನ್ನ ಮಗಳು ಶಾಂತೆಯನ್ನೂ ನೋಡಿದ. ಶಾಪ ಕೊಡಲಿಲ್ಲ. ನಿನಗೊಬ್ಬ ಮಗ ಹುಟ್ಟಿದ ಮೇಲೆ ಕಾಡಿಗೆ ಬಾ ಅಂತ ಮಾತ್ರ ಹೇಳಿದ. ಋಷ್ಯಶೃಂಗ ಹೇಳಿದಂತೆಯೇ ಬಂದ, ಶಾಂತೆಯೂ ಜೊತೆಗೆ ಬಂದಳು.

ಇದನ್ನೂ ಭಾವನಿಗೆ ವಾಪಸ್ ಬರುವಾಗ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ನಾಟಿತು ಅಂದುಕೊಂಡೆ.

"ಹಾಗಾದ್ರೆ ಆ ದನಗಳೆಲ್ಲ ಕೊನೆಗೆ ಯಾರಿಗೆ ಹೋಯ್ತು?" ಅಂದರು.