ಮಕರದ ಬಾಯಿಗೆ ನೀರು ಎಲ್ಲಿಂದ ಬರುತ್ತದೆ?

ಕಾಠ್ಮಂಡು ಕಣಿವೆಯ ಪಾಟನ್‌ಗೆ ಹೋದವರು ಅರಮನೆ ಚೌಕದ ಮಂಗಾ ಹಿತಿಯ ಫೋಟೊ ತೆಗೆಯದೆ ಬರುವುದಿಲ್ಲ. ಹಿತಿ ಎಂದರೆ ಅಲ್ಲಿಯವರ ಸಾರ್ವಜನಿಕ ನೀರಿನ ಧಾರೆ. ಕ್ರಿ.ಶ. 570ರದ್ದೆಂದು ಹೇಳಲಾಗುವ ಈ ಧಾರೆಯಲ್ಲಿ ಮೂರು ಕಲ್ಲಿನ ಮಕರಗಳು ನೀರು ಸುರಿಸುತ್ತವೆ. ನಮ್ಮ ಹೊಯ್ಸಳ ಗುಡಿಗಳ ತೋರಣದಲ್ಲಿ ಕಾಣುವ ಮಕರವೇ, ಸೊಂಡಿಲು ಮೇಲೆತ್ತಿಕೊಂಡು. ಕೆತ್ತನೆ ಚಂದವೇ. ಆದರೆ ಅಸಲು ಕೆಲಸ ನಡೆದಿರುವುದು ಗೋಡೆಯ ಹಿಂದೆ.

ಹಿತಿ ಇರುವುದು ನೆಲಮಟ್ಟಕ್ಕಿಂತ ಕೆಳಗೆ, ಮೆಟ್ಟಿಲಿಳಿದು ಹೋಗುವ ಹೊಂಡದಲ್ಲಿ. ನೀರನ್ನು ಮೇಲೆತ್ತುವ ಗೋಜೇ ಬೇಡ, ಇಳಿಜಾರೇ ಸಾಕು ಎಂಬುದು ಲೆಕ್ಕ. ಪಾಟನ್‌ಗೆ ದಕ್ಷಿಣದ ಟೀಕಾಭೈರವ ಕಡೆಯಿಂದ ರಾಜಕುಲೊ ಎಂಬ ಕಾಲುವೆ ಬರುತ್ತಿತ್ತು. ದಾರಿಯಲ್ಲಿ ಗದ್ದೆಗಳಿಗೆ ಉಣಿಸಿ, ಊರ ಕೆರೆಗಳನ್ನು ತುಂಬಿಸುತ್ತಿತ್ತು. ಕೆರೆಯಿಂದ ಇಂಗಿದ ನೀರು ಮರಳಿನ ಪದರಕ್ಕಿಳಿದು, ಇಟ್ಟಿಗೆ ಅಥವಾ ಸುಟ್ಟ ಮಣ್ಣಿನ ಕಾಲುವೆಯಲ್ಲಿ ಹರಿದು, ಜಲ್ಲಿ, ಮರಳು, ಇದ್ದಿಲಿನಲ್ಲಿ ಸೋಸಿ ಧಾರೆಗೆ ಬರುತ್ತಿತ್ತು. ಸೋರದಂತೆ ಕಾಲುವೆಯ ಸುತ್ತ ಕಪ್ಪು ಜೇಡಿ ಮೆತ್ತಿರುತ್ತಾರೆ. ಹೆಚ್ಚಾದ ನೀರು ಮುಂದಿನ ಕೆರೆಗೋ ಗದ್ದೆಗೋ.

ಈ ಜೇಡಿಗೆ ಸದಾ ಹಸಿ ಬೇಕು. ಕಾಲುವೆ ಬಹುಕಾಲ ಒಣಗಿದರೆ ಜೇಡಿ ಬಿರಿಯುತ್ತದೆ. ಆಮೇಲೆ ನೀರು ಬಿಟ್ಟರೂ ಅರ್ಧ ದಾರಿಯಲ್ಲೇ ಸೋರಿಹೋಗುತ್ತದೆ. ಪಕ್ಕದಲ್ಲಿ ತಳಮಹಡಿಯ ಕಟ್ಟಡ ಎದ್ದರಂತೂ ಪಾಯ ತೋಡುವಾಗಲೇ ಕಾಲುವೆ ತುಂಡು.

ಧಾರೆಯ ರೋಗ ಪತ್ತೆಗೆ ಒಂದು ಬಕೆಟ್, ಒಂದು ಗಡಿಯಾರ ಸಾಕು. 15 ಲೀಟರ್ ಬಕೆಟ್ 30 ಸೆಕೆಂಡಿನಲ್ಲಿ ತುಂಬಿದರೆ ದಿನಕ್ಕೆ 43,200 ಲೀಟರ್. ತಿಂಗಳಿಗೊಮ್ಮೆ ಅಳೆದು ಬರೆದಿಡಿ. ಬೇಸಿಗೆಯಲ್ಲಿ ನಿಧಾನಕ್ಕೆ ಇಳಿದು ಮಳೆಗಾಲದಲ್ಲಿ ಏರಿದರೆ ಅಂತರ್ಜಲದ ಏರಿಳಿತ. ಹತ್ತಿರ ಕಟ್ಟಡ ಶುರುವಾದ ಮೇಲೆ ಥಟ್ಟನೆ ನಿಂತು, ಮಳೆಗೂ ಚೇತರಿಸದಿದ್ದರೆ ಕಾಲುವೆ ಕಡಿದಿರುವ ಸಾಧ್ಯತೆಯೇ ಹೆಚ್ಚು. ಮಳೆ ಬಂದ ಕೂಡಲೇ ನೀರು ಕೆಂಪಾದರೆ ಎಲ್ಲೋ ಬಿರುಕಿನಿಂದ ಮೇಲಿನ ನೀರು ನುಗ್ಗುತ್ತಿದೆ; ಅದರ ಜೊತೆ ಚರಂಡಿಯದೂ ಸೇರಬಹುದಾದ್ದರಿಂದ ಪರೀಕ್ಷೆ ಮಾಡಿಸದೆ ಕುಡಿಯಬಾರದು.

ಇದ್ಯಾವುದನ್ನೂ ನೋಡದೆ ಹೊಂಡಕ್ಕೆ ಸಿಮೆಂಟ್ ಬಳಿದು, ಮಕರಕ್ಕೆ ಹೊಳಪು ಕೊಟ್ಟು ‘ಜೀರ್ಣೋದ್ಧಾರ’ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಒಣಗಿದ ಬಾಯಿಗೆ ಬಣ್ಣ ಹಚ್ಚಿ ಏನು ಬಂತು?

ಹಿಂದೆ ನಿರ್ವಹಣೆ ಗುಠಿಗಳ, ಅಂದರೆ ಊರವರ ದತ್ತಿ ಸಂಘಗಳ, ಹೊಣೆ. ಅವಕ್ಕೆ ಬಿಟ್ಟ ಜಮೀನಿನ ಆದಾಯದಲ್ಲಿ ಖರ್ಚು ನಡೆಯುತ್ತಿತ್ತು. ಜ್ಯೇಷ್ಠ ಶುದ್ಧ ಷಷ್ಠಿಯ ಸಿಥಿ ನಖ ಹಬ್ಬದಂದು ಕಣಿವೆಯ ಮೂಲನಿವಾಸಿಗಳಾದ ನೇವಾರರು ಬಾವಿ, ಹಿತಿಗಳ ಹೂಳೆತ್ತುತ್ತಾರೆ. ಮುಂಗಾರಿಗೆ ಮುಂಚೆ ನೀರು ತೀರಾ ಕೆಳಗಿರುವ ಹೊತ್ತದು, ತಳಕ್ಕಿಳಿಯಲು ತಕ್ಕ ಕಾಲ.

ಪಾಟನ್‌ನ ಅಲ್ಕೊ ಹಿತಿಯವರು ಇನ್ನೊಂದು ದಾರಿ ಹಿಡಿದರು. ಬಳಕೆದಾರರೇ ಸಮಿತಿ ಮಾಡಿಕೊಂಡು, ಹರಿದು ಪೋಲಾಗುತ್ತಿದ್ದ ನೀರನ್ನು ಟ್ಯಾಂಕಿಗೆ ತುಂಬಿಸಿ, ಸುತ್ತಲಿನ ಮನೆಗಳಿಗೆ ಪೈಪಿನಲ್ಲಿ ಕೊಡುತ್ತಾರೆ. ನೀರು ಮನೆಗೇ ಬರತೊಡಗಿದರೆ, ಪಕ್ಕದ ಸೈಟಿನಲ್ಲಿ ಯಾರು ಎಷ್ಟು ಆಳ ತೋಡುತ್ತಿದ್ದಾರೆ ಎಂದು ಹೋಗಿ ಕೇಳಲು ಹತ್ತು ಜನ ಇರುತ್ತಾರೆ.