2000ದ ಡಿಸೆಂಬರ್, ನಮ್ಮ ಬೀದರ್

2000ನೇ ಇಸವಿಯ ಡಿಸೆಂಬರ್ 25, ಸೋಮವಾರ. ಅವತ್ತು ಕ್ರಿಸ್‌ಮಸ್. ಅವತ್ತೇ ಎಳ್ಳಮಾವಾಸ್ಯೆ, ನಮ್ಮ ಕಡೆಯ ಹೊಲದ ಹಬ್ಬ. ರಂಜಾನ್ ತಿಂಗಳ ಕೊನೆಯ ರೋಜಾಗಳೂ, ಅಂದ್ರೆ ಉಪವಾಸಗಳೂ ನಡೆದಿದ್ದವು, ಅದೇ ವಾರ ಈದ್ ಬಂತು. ಹೊಸ ವರ್ಷದ ಮೊದಲ ವಾರದಲ್ಲೇ ಗುರು ಗೋಬಿಂದ್ ಸಿಂಗ್ ಜಯಂತಿ. ನಾನಾಗ ಒಂಬತ್ತನೇ ಕ್ಲಾಸು. ಈಗ ಶಾಲೆಯ ಸಂಚಿಕೆಗೆ ಏನಾದ್ರೂ ಬರೆದುಕೊಡಿ ಅಂತ ಕೇಳಿದಾಗ ಬೇರೆ ಯಾವುದೂ ನೆನಪಿಗೆ ಬರಲಿಲ್ಲ. ಈ ಡಿಸೆಂಬರೇ ಬಂತು. ಅದನ್ನ ನೋಡೋದು ಹೇಗೆ ಅಂತ ಕಲಿಸಿದವರು ನಮ್ಮ ಗಣಿತದ ಟೀಚರ್.

ರಜೆಗೆ ಮುಂಚಿನ ವಾರ ಅವರು ಕ್ಲಾಸಿಗೆ ಒಂದು ಕಟ್ಟು ಕ್ಯಾಲೆಂಡರ್ ತಂದರು. ಕನ್ನಡದ ಗೋಡೆ ಕ್ಯಾಲೆಂಡರ್, ಒಂದು ಹಳೇ ಪಂಚಾಂಗ, ಚೌಬಾರಾ ಹತ್ತಿರದ ಅಂಗಡಿಯಿಂದ ಕೇಳಿ ತಂದ ಉರ್ದು ಕ್ಯಾಲೆಂಡರ್. ಮೇಜಿನ ಮೇಲೆ ಹರಡಿ ಕೇಳಿದರು: "ಕ್ರಿಸ್‌ಮಸ್ ಯಾಕ ಕದಲೂದಿಲ್ಲ? ರಂಜಾನ್ ಯಾಕ ಒಂದ್ ಕಡಿ ನಿಲ್ಲೂದಿಲ್ಲ? ಎಳ್ಳಮಾಸಿ ಯಾಕ ಅಲ್ಲೇ ಹಿಂದ ಮುಂದ ಆಡ್ತದ?"

ಅವತ್ತು ಹಬ್ಬಗಳ ಲೆಕ್ಕ ಬೋರ್ಡಿನ ಮೇಲೆ ಬಂತು. ಸೂರ್ಯನ ವರ್ಷಕ್ಕೆ 365 ದಿನ ಮತ್ತು ಸ್ವಲ್ಪ. ಚಂದ್ರನ ಹನ್ನೆರಡು ತಿಂಗಳಿಗೆ 354. ನಡುವೆ 11 ದಿನದ ಅಂತರ. ಕ್ರಿಸ್‌ಮಸ್‌ಗೆ ಚಂದ್ರನ ಹಂಗೇ ಇಲ್ಲ, ಅದಕ್ಕೆ ಅದು 25 ಬಿಟ್ಟು ಅಲ್ಲಾಡುವುದಿಲ್ಲ. ಮುಸ್ಲಿಮರ ಹಿಜ್ರಿ ವರ್ಷ ಪೂರಾ ಚಂದ್ರನದು. ಆ 11 ದಿನವನ್ನ ಅದು ತುಂಬಿಸಿಕೊಳ್ಳುವುದಿಲ್ಲ. ಹಾಗಾಗಿ ರಂಜಾನ್ ವರ್ಷ ವರ್ಷ ಹಿಂದೆ ಸರಿಯುತ್ತಾ, ಸುಮಾರು 33 ವರ್ಷದಲ್ಲಿ ಬೇಸಿಗೆ, ಮಳೆ, ಚಳಿ ಎಲ್ಲವನ್ನೂ ಸುತ್ತಿ ಬರುತ್ತದೆ. ನಮ್ಮ ಪಂಚಾಂಗದವರು ಆ ದಿನಗಳನ್ನ ಕೂಡಿಡುತ್ತಾರೆ. ಒಂದು ತಿಂಗಳಾಗುವಷ್ಟು ಸೇರಿದ ಮೇಲೆ ಅಧಿಕ ಮಾಸ ಅಂತ ಸೇರಿಸಿಬಿಡುತ್ತಾರೆ. 1999ರಲ್ಲಿ ಅಧಿಕ ಜ್ಯೇಷ್ಠ ಬಂದಿತ್ತು, ಟೀಚರ್ ಪುಟ ತಿರುವಿ ತೋರಿಸಿದರು. ಅದಕ್ಕೇ ಎಳ್ಳಮಾವಾಸ್ಯೆ ಚಳಿಗಾಲ ಬಿಟ್ಟು ಹೋಗುವುದಿಲ್ಲ.

ಕೊನೆಗೆ ಅವರು ಹೇಳಿದ ಮಾತು ನನಗೆ ಇವತ್ತಿಗೂ ಆಶ್ಚರ್ಯ. ಎಳ್ಳಮಾವಾಸ್ಯೆಗೆ ಕಾಣದೇ ಹೋಗುವ ಚಂದ್ರನೇ ಈದ್‌ಗೆ ಗೆರೆಯಾಗಿ ಕಾಣುವ ಚಂದ್ರ. ಅದೇ ಚಂದ್ರ ಬೆಳೆದು ಸಪ್ತಮಿ ಆದಾಗ, ಪುಷ್ಯ ಶುದ್ಧ ಸಪ್ತಮಿಗೆ, ನಮ್ಮೂರಿನ ಗುರುದ್ವಾರ ನಾನಕ್ ಝೀರಾದಲ್ಲಿ ಗುರು ಗೋಬಿಂದ್ ಸಿಂಗ್ ಜಯಂತಿ. ಮೂರು ಮಂದಿ ಮೂರು ಕಡೆ ಕೂತು ಒಂದೇ ಚಂದ್ರನನ್ನ ಎಣಿಸುತ್ತಿದ್ದರು, ಅಲ್ವಾ!

ಅವತ್ತಿನ ಹೊಲದ ಬಗ್ಗೆ ಹೇಳಲೇಬೇಕು. ಬೀದರ್ ಊರು ಕೆಂಪು ಕಲ್ಲಿನ ಮೇಲೆ ಕೂತಿದೆ, ಭಾಲ್ಕಿ ಕಡೆ ಹೋದರೆ ಕಪ್ಪು ನೆಲ. ನಮ್ಮ ಹೊಲ ಅಲ್ಲಿ. ನನ್ನ ಬೆಂಚಿನ ಇಬ್ಬರು ಗೆಳತಿಯರನ್ನ ಕರೆದಿದ್ದೆ. ಒಬ್ಬಳು ಮಂಗಲಪೇಟೆಯ ಮೆಥೋಡಿಸ್ಟ್ ಚರ್ಚಿನಲ್ಲಿ ಬೆಳಗಿನ ಆರಾಧನೆ ಮುಗಿಸಿ, ಹೊಸ ಲಂಗದಲ್ಲೇ ಡಬ್ಬಿ ತುಂಬಾ ಕರಜಿಕಾಯಿ ಹಿಡಿದು ಬಂದಳು. ಇನ್ನೊಬ್ಬಳು ರೋಜಾ ಇದ್ದಳು. ಊಟ ಮಾಡುವ ಹಂಗಿಲ್ಲ, ಆದರೂ ಬರ್ತೀನಿ ಅಂದಿದ್ದಳು.

ಜೋಳದ ದಂಟು ಕಟ್ಟಿ ಮಾಡಿದ ಕೊಂಪೆ. ಅದರೊಳಗೆ ಸುಣ್ಣ ಹಚ್ಚಿದ ಐದು ಕಲ್ಲು, ಐವರು ಪಾಂಡವರು. ಬಸುರಿ ಭೂಮಿತಾಯಿಗೆ ಬಯಕೆ ಊಟ ಕೊಡುವ ಹಬ್ಬ ಇದು ಅಂತ ನಮ್ಮಜ್ಜಿ ಹೇಳುತ್ತಿದ್ದರು. ಭಜ್ಜಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದ್ರೆ ಬೆಂಗಳೂರಿನವರು ಅದನ್ನ ಎಣ್ಣೆಯಲ್ಲಿ ಕರಿದ ಬಜ್ಜಿ ಅಂದುಕೊಳ್ಳುತ್ತಾರೆ. ಇದು ಬೇರೆ. ಹಸಿ ತೊಗರಿ, ಹಸಿ ಕಡಲೆ, ಅವರೆ, ಬಟಾಣಿ, ಮೆಂತ್ಯ ಸೊಪ್ಪು, ಆ ಹೊತ್ತಿಗೆ ಹೊಲದಲ್ಲಿ ಏನೇನು ಹಸಿರಿದೆಯೋ ಎಲ್ಲವನ್ನೂ ಬೇಯಿಸಿ, ಕಡಲೆ ಹಿಟ್ಟು ಕಲಸಿ ಹಾಕಿ, ಹುಣಸೆ ಹುಳಿ ಹಿಂಡಿ, ಬಳ್ಳುಳ್ಳಿ ಒಗ್ಗರಣೆ ಕೊಡಬೇಕು. ಗಟ್ಟಿಯಾಗಿರಬೇಕು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯ ಮೇಲೆ ಇಟ್ಟರೆ ಹರಿಯಬಾರದು. ಜೊತೆಗೆ ಮಣ್ಣಿನ ಗಡಿಗೆಯಲ್ಲಿ ಜೋಳದ ಅಂಬಲಿ, ಮಜ್ಜಿಗೆ ಹಾಕಿದ್ದು. ಮನೆಯಿಂದ ಹೊಲದವರೆಗೆ ಅಮ್ಮ ಆ ಗಡಿಗೆಯನ್ನ ಬಿಳಿ ಬಟ್ಟೆ ಕಟ್ಟಿ ತಲೆ ಮೇಲೆ ಹೊತ್ತು ತಂದಿದ್ದಳು.

ಪೂಜೆ ಆದ ಮೇಲೆ ಚರಗ ಚೆಲ್ಲುವುದು. ಅಪ್ಪ ಬುಟ್ಟಿ ಹಿಡಿದು ಬದುವಿನ ಗುಂಟ ಎಡೆ ಚೆಲ್ಲುತ್ತಾ "ಹುಲ್ಲುಲ್ಲಿಗೋ" ಅಂತ ಕೂಗುತ್ತಾ ನಡೆದರು. ಹಿಂದೆ ಒಬ್ಬರು ನೀರು ಚಿಮುಕಿಸುತ್ತಾ ಹೋಗಬೇಕು. ಆ ತಂಬಿಗೆಯನ್ನ ರೋಜಾ ಇದ್ದ ಗೆಳತಿಯೇ ಇಸಿದುಕೊಂಡಳು. ನೀರನ್ನ ಮುಟ್ಟದೇ ಇದ್ದವಳ ಕೈಯಿಂದ ನಮ್ಮ ಹೊಲದ ನಾಲ್ಕೂ ಬದುವಿಗೆ ನೀರು ಬಿತ್ತು. ಅಜ್ಜಿ ಅವಳ ಪಾಲಿನ ರೊಟ್ಟಿ, ಭಜ್ಜಿ ಎತ್ತಿಟ್ಟರು. ಸಂಜೆ ಆರಕ್ಕೆ ಇನ್ನೂ ಹತ್ತು ನಿಮಿಷ ಇದ್ದಂಗೇ ಹೊತ್ತು ಮುಳುಗಿತು. ಅವಳು ಒಂದು ಖಜೂರ ಬಾಯಿಗೆ ಹಾಕಿಕೊಂಡು, ಮೇಲೆ ಒಂದು ಲೋಟ ಅಂಬಲಿ ಕುಡಿದಳು. ಚಳಿಗಾಲದ ರೋಜಾ ಹಗುರ ಅಂದಳು. ನಿಜವೇ. ನಮ್ಮ ಕಡೆ ಡಿಸೆಂಬರ್‌ನಲ್ಲಿ ಸುಮಾರು ಹನ್ನೆರಡು ತಾಸು ಉಪವಾಸ ಸಾಕು, ಮೇ-ಜೂನ್‌ನಲ್ಲಿ ಹದಿನಾಲ್ಕು ದಾಟುತ್ತದೆ, ಮೇಲೆ ಬೀದರ್ ಬಿಸಿಲು ಬೇರೆ.

ಈದ್‌ಗೆ ಅವಳ ಮನೆಯಲ್ಲಿ ಶೀರ್ ಖುರ್ಮಾ. 31ರ ರಾತ್ರಿ ಚರ್ಚಿನಲ್ಲಿ ಹೊಸ ವರ್ಷ ಬರುವವರೆಗೂ ಪ್ರಾರ್ಥನೆ. ಆಮೇಲೆ ಮೂವರೂ ಗುರುದ್ವಾರಕ್ಕೆ ಹೋಗಿ ಲಂಗರಿನಲ್ಲಿ, ಅಂದ್ರೆ ಅಲ್ಲಿನ ಸಾಮೂಹಿಕ ಊಟದಲ್ಲಿ, ನೆಲಕ್ಕೆ ಕೂತು ಉಂಡೆವು. ಗುರು ಗೋಬಿಂದ್ ಸಿಂಗರು 1699ರಲ್ಲಿ ಆರಿಸಿದ ಪಂಜ್ ಪ್ಯಾರೇ, ಅಂದ್ರೆ ಐವರು ಪ್ರಿಯ ಶಿಷ್ಯರಲ್ಲಿ ಭಾಯಿ ಸಾಹಿಬ್ ಸಿಂಗ್ ನಮ್ಮ ಬೀದರಿನವರು. ಅವರು ಪ್ರಾಣ ಕೊಟ್ಟ ಪಂಜಾಬಿನ ಚಮ್ಕೌರ್ ಯುದ್ಧ ನಡೆದದ್ದೂ ಡಿಸೆಂಬರಿನ ಚಳಿಯಲ್ಲೇ. ಹೀಗಾಗಿ ಸಿಖ್ಖರಿಗೆ ಈ ತಿಂಗಳು ಮೊದಲು ದುಃಖದ್ದು, ಜಯಂತಿ ಆಮೇಲೆ. ಇದನ್ನ ನಮ್ಮೂರಿನ ಪ್ರತಿ ಮಗುವಿಗೂ ಹೇಳಬೇಕು ಅಂತ ನನಗೆ ಅನ್ನಿಸುತ್ತದೆ.

ಟೀಚರ್ ಹಚ್ಚಿದ ಹುಚ್ಚು ನನ್ನನ್ನ ಬಿಡಲಿಲ್ಲ. ಯಹೂದಿಗಳ ಪಂಚಾಂಗವೂ ನಮ್ಮ ಹಾಗೆ ಚಂದ್ರ, ಸೂರ್ಯ ಎರಡನ್ನೂ ಹಿಡಿಯುತ್ತದೆ, 19 ವರ್ಷಕ್ಕೆ 7 ತಿಂಗಳು ಸೇರಿಸುತ್ತದೆ. ದಿನಕ್ಕೊಂದು ದೀಪ ಹೆಚ್ಚಿಸುತ್ತಾ ಎಂಟು ರಾತ್ರಿ ಮಾಡುವ ಅವರ ಹನುಕ್ಕಾ ಕೂಡ 2000ದಲ್ಲಿ ಅದೇ ವಾರ ನಡೆದಿತ್ತು. ರಷ್ಯಾದ, ಇಥಿಯೋಪಿಯಾದ ಕ್ರೈಸ್ತರು ಹಳೇ ಕ್ಯಾಲೆಂಡರ್ ಬಿಡದೆ ಜನವರಿ 7ಕ್ಕೆ ಕ್ರಿಸ್‌ಮಸ್ ಮಾಡುತ್ತಾರೆ. ಇರಾನಿನಲ್ಲಿ ವರ್ಷದ ಅತಿ ಉದ್ದದ ರಾತ್ರಿಗೆ ಯಲ್ದಾ ಅನ್ನುತ್ತಾರೆ. ಮನೆಮಂದಿ ದಾಳಿಂಬೆ, ಕಲ್ಲಂಗಡಿ ತಿನ್ನುತ್ತಾ, ಪರ್ಶಿಯನ್ ಕವಿ ಹಾಫಿಜ್‌ನ ಕವಿತೆ ಓದುತ್ತಾ ಎದ್ದಿರುತ್ತಾರೆ. 1472ರಲ್ಲಿ ನಮ್ಮೂರಿನ ಮದ್ರಸಾ ಕಟ್ಟಿಸಿದ ಮಹಮೂದ್ ಗವಾನ್ ಇರಾನಿನ ಗೀಲಾನ್ ಕಡೆಯವರು. ಆ ಮಿನಾರಿನ ನೀಲಿ ಹೆಂಚು ನೋಡಿದಾಗೆಲ್ಲ, ಅವರಿಗೆ ಬೀದರ್ ಚಳಿಯಲ್ಲಿ ತಮ್ಮೂರಿನ ಡಿಸೆಂಬರ್ ನೆನಪಾಗುತ್ತಿತ್ತೇನೋ ಅಂದುಕೊಳ್ಳುತ್ತೇನೆ.

19 ವರ್ಷಕ್ಕೊಮ್ಮೆ ಅಮಾವಾಸ್ಯೆ ಹೆಚ್ಚುಕಡಿಮೆ ಅದೇ ತಾರೀಕಿಗೆ ಬರುತ್ತದೆ ಅಂತ ಟೀಚರ್ ಬೋರ್ಡಿನ ಮೂಲೆಯಲ್ಲಿ ಬರೆದಿದ್ದರು. 2019ರ ಡಿಸೆಂಬರ್ 26ಕ್ಕೆ ಅಮಾವಾಸ್ಯೆ ಬಂತು, ಸೂರ್ಯಗ್ರಹಣವನ್ನೂ ಕರೆದುಕೊಂಡು ಬಂತು. ಆ ಹೊತ್ತಿಗೆ ರಂಜಾನ್ ಮಾತ್ರ ಮೇ ತಿಂಗಳಿಗೆ ಹೋಗಿತ್ತು.

ಈಗ ಅದು ಮತ್ತೆ ಚಳಿಗಾಲದತ್ತ ಬರುತ್ತಿದೆ. 2030ರಲ್ಲಿ ರಂಜಾನ್ ಎರಡು ಸಲ ಶುರುವಾಗುತ್ತದೆ, ಜನವರಿಯಲ್ಲಿ ಒಮ್ಮೆ, ಡಿಸೆಂಬರ್ ಕೊನೆಗೆ ಇನ್ನೊಮ್ಮೆ. ಆ ವರ್ಷ ಡಿಸೆಂಬರ್ 24ಕ್ಕೆ ಎಳ್ಳಮಾವಾಸ್ಯೆ, 25ಕ್ಕೆ ಕ್ರಿಸ್‌ಮಸ್, ಒಂದೆರಡು ದಿನದಲ್ಲೇ ಮೊದಲ ರೋಜಾ. ನಮ್ಮ ಹೊಲ ಈಗಲೂ ಇದೆ. ಶಾಲೆಯ ಮಕ್ಕಳು, ಟೀಚರ್‌ಗಳು 24ರಂದು ಬನ್ನಿ. ಭಜ್ಜಿ ನಾನೇ ಮಾಡುತ್ತೇನೆ.