ಕೋವಿ ಮೇಲಿನ ಹೆಸರಿನ ಫೋಟೋ ಕಳಿಸಬೇಡಿ

ಕೊಡಗಿನಲ್ಲಿ ಕೋವಿ ಪೂಜೆಯ ಹಬ್ಬ ಕೈಲ್‌ಪೊಳ್ದ್ ಹತ್ತಿರ ಬಂತೆಂದರೆ ಶುರು. ಕೋವಿ ಒರೆಸಿ ತೋಕ್‌ಪೂ ಹೂವು ಸಿಕ್ಕಿಸುವ ಮೊದಲೇ ಒಂದು ಫೋಟೋ, ಜೊತೆಗೆ ಪ್ರಶ್ನೆ: "ಅಜ್ಜನ ಕಾಲದ್ದು. ಇಂಗ್ಲೆಂಡಿನ ಹೆಸರಿದೆ. ಒರಿಜಿನಲ್ಲಾ?"

ಹೆಸರನ್ನು ಯಾರು ಬೇಕಾದರೂ ಕೊರೆಯಬಹುದು ಮಾರಾಯ್ರೇ. ಇಂಗ್ಲೆಂಡಿನ ಹೆಸರಾಂತ ಕೋವಿ ಕಂಪನಿ ವೆಸ್ಟ್ಲಿ ರಿಚರ್ಡ್ಸ್ ಅಂದುಕೊಳ್ಳಲಿ ಅಂತ 'ಡಬ್ಲ್ಯು. ರಿಚರ್ಡ್ಸ್' ಎಂದು ಕೊರೆದ ಅಗ್ಗದ ಬೆಲ್ಜಿಯಂ ಕೋವಿಗಳು ಲೋಕದ ತುಂಬ ಇವೆ. ಇನ್ನು ಕೆಲವರು ಕೋವಿ ಲೈಸೆನ್ಸಿನಿಂದ ವಿನಾಯಿತಿ ಕೊಡುವ ಪತ್ರ ತೋರಿಸುತ್ತಾರೆ. ಪತ್ರ ಅಸಲಿ, ಒಪ್ಪಿದೆ. ಕೋವಿ?

ಕೋವಿ ಖಾಲಿ ಇದೆಯೇ ಎಂದು ಎರಡು ಸಲ ನೋಡಿ. ನಳಿಗೆಯ ಕೆಳಗಿನ ಮರದ ಹಿಡಿ, ಅಂದರೆ ಫೋರೆಂಡ್ ಕಳಚಿ, ನಳಿಗೆ ಬಿಚ್ಚಿ, ಮಗುಚಿ. ತೋಟಾ ಕೂರುವ ಜಾಗದ ಅಡಿಯ ಚಪ್ಪಟೆ ಭಾಗದಲ್ಲಿ ಕೋವಿಯ ಜಾತಕ ಇದೆ: ನಳಿಗೆಯ ಬಲ ಪರೀಕ್ಷಿಸಿದವರು ಒತ್ತಿದ ಮುದ್ರೆ. ಕಿರೀಟದ ಕೆಳಗೆ ಬಿಪಿ, ಬಿವಿ, ಎನ್‌ಪಿ ಎಂದಿದ್ದರೆ 1904ರ ನಂತರ ಬರ್ಮಿಂಗ್‌ಹ್ಯಾಮಿನಲ್ಲಿ ಪರೀಕ್ಷೆಯಾದದ್ದು. ಕತ್ತರಿಯಂತೆ ಅಡ್ಡಹಾಕಿದ ರಾಜದಂಡ, ಸುತ್ತ ಬಿಪಿಸಿ ಇದ್ದರೆ ಅದಕ್ಕೂ ಹಿಂದಿನದು. ಇಂಗ್ಲಿಷ್ ಮುದ್ರೆ ಒಂದೂ ಇಲ್ಲದೆ ಮೊಟ್ಟೆಯಾಕಾರದೊಳಗೆ ಇಎಲ್‌ಜಿ ಮಾತ್ರ ಕಂಡರೆ ಬೆಲ್ಜಿಯಂನ ಲಿಯೇಜ್ ಊರಿನದು. ಮೇಲೆ ಲಂಡನ್ ಎಂದು ಎಷ್ಟು ಚೆಂದ ಬರೆದಿದ್ದರೂ ಅಷ್ಟೇ.

ಮುದ್ರೆಯೂ ನಕಲಿ ಇರಬಹುದಲ್ಲ? ಭೂತಗನ್ನಡಿ ಹಿಡಿಯಿರಿ. ತುಕ್ಕಿನ ಗುಂಡಿ ಗೆರೆಯನ್ನು ತಿಂದಿದ್ದರೆ ಗೆರೆ ಹಳೆಯದು. ಗೆರೆಯೇ ಗುಂಡಿಯೊಳಗೆ ಇಳಿದು, ಅಂಚು ಚೂಪಾಗಿ ಆಚೆ ಹತ್ತಿದ್ದರೆ ತುಕ್ಕು ಹಿಡಿದ ಮೇಲೆ ಕೊರೆದದ್ದು. ಸೀರಿಯಲ್ ನಂಬರು ಟ್ರಿಗರ್ ಗಾರ್ಡ್, ನಳಿಗೆ, ಫೋರೆಂಡಿನ ಕಬ್ಬಿಣ ಮೂರರಲ್ಲೂ ಒಂದೇ ಇರಬೇಕು. ಇಲ್ಲದಿದ್ದರೆ ಎರಡು ಮೂರು ಕೋವಿ ಸೇರಿಸಿ ಹೊಲಿದ ಕೌದಿ.

ಡಮಾಸ್ಕಸ್ ನಳಿಗೆಯ ಸುರುಳಿ ಚಿತ್ತಾರ ಕಬ್ಬಿಣ, ಉಕ್ಕಿನ ಪಟ್ಟಿ ಹೆಣೆದು ಬೆಸೆದದ್ದರಿಂದ ಬಂದದ್ದು. ಲೋಹದ ಒಳಗೂ ಇರುತ್ತದೆ. ಫೋರೆಂಡ್ ಮುಚ್ಚುವ ಜಾಗದಲ್ಲಿ ಉಗುರಗಲ ನಯವಾಗಿ ಉಜ್ಜಿ, ನೀರು ಬೆರೆಸಿದ ಫೆರಿಕ್ ಕ್ಲೋರೈಡ್ ಒಂದು ಹನಿ ಹಚ್ಚಿ. ಅಸಲಿ ಚಿತ್ತಾರ ಮತ್ತೆ ಏಳುತ್ತದೆ. ಮೇಲೆ ಬಳಿದದ್ದು ಉಜ್ಜಿದಾಗಲೇ ಹೋಗಿರುತ್ತದೆ.

ಆದರೆ ಸುಗ್ಗಿ ಹಬ್ಬ ಪುತ್ತರಿಗೆ ಅದೇ ಕೋವಿಯಿಂದ ಈಡು ಹೊಡೆಯುವವರು "ಯಾವ ತೋಟಾ ಹಾಕಬೇಕು?" ಅಂತ ಯಾಕೆ ಕೇಳುವುದಿಲ್ಲ? ಹಳೆಯ ಹನ್ನೆರಡು ಬೋರಿನ ಚೇಂಬರ್, ಅಂದರೆ ತೋಟಾ ಕೂರುವ ಜಾಗ, ಹೆಚ್ಚಾಗಿ ಎರಡೂವರೆ ಇಂಚು, ರೂಢಿಯ ಲೆಕ್ಕದಲ್ಲಿ 65 ಮಿ.ಮೀ. ಈಗಿನ 70 ಮಿ.ಮೀ. ತೋಟಾದ ಬಾಯಿ ಮಡಿಸಿರುವುದರಿಂದ ಸಲೀಸಾಗಿ ಕೂರುತ್ತದೆ. ಮೋಸ ಅಲ್ಲೇ. ಹೊಡೆದಾಗ ಮಡಿಕೆ ಬಿಚ್ಚಿ, ನಳಿಗೆ ಕಿರಿದಾಗುವಲ್ಲಿ ಸಿಕ್ಕಿಕೊಂಡು ಒತ್ತಡ ಏರುತ್ತದೆ. ಎನ್‌ಪಿ ಅಂದರೆ ಈಗಿನ ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆಯಾದ ಗುರುತು; ಆ ಮುದ್ರೆಯಿಲ್ಲದ ಡಮಾಸ್ಕಸ್ ಆದರಂತೂ ಅದು ಹೆಚ್ಚಾಗಿ ಹಳೆಯ ಕರಿಮದ್ದಿಗೆ ಮಾಡಿದ್ದು. ಈಗಿನ ತೋಟಾ ಅದರ ಹತ್ತಿರ ತರಲೇಬೇಡಿ.

ಕೋವಿ ರಿಪೇರಿ ಬಲ್ಲವರಲ್ಲಿ ಗೇಜು ಹಾಕಿಸಿ ಚೇಂಬರ್ ಅಳೆಸಿ. ಆ ಅಳತೆ, ಅಡಿಯ ಮುದ್ರೆಯ ಫೋಟೋ ಎರಡನ್ನೂ ಕಳಿಸಿ. ಉತ್ತರ ಬರೆಯುತ್ತೇನೆ.